ತಾನೇ ಬರೆದ ಪಾಲಿಸಿಯನ್ನು ತಾನೇ ಇಲ್ಲವೆನ್ನುವ ಕಂಪನಿ

ಅರ್ಜಿಯಲ್ಲಿ ಹೇಳಿರುವ ಅಪಘಾತ ನಡೆದೇ ಇಲ್ಲ. ನಡೆದಿದ್ದರೂ ಅದರಲ್ಲಿ ಈ ವಾಹನ ಇರಲಿಲ್ಲ. ಇದ್ದಿದ್ದರೂ ಚಾಲಕನ ತಪ್ಪಿರಲಿಲ್ಲ. ತಪ್ಪಿದ್ದರೂ ಅವನಿಗೆ ಸರಿಯಾದ ಲೈಸೆನ್ಸ್ ಇರಲಿಲ್ಲ. ವಾಹನಕ್ಕೆ ನಮ್ಮ ಪಾಲಿಸಿ ಇತ್ತೆಂಬುದನ್ನು ಅರ್ಜಿದಾರರೇ ಸಾಬೀತುಪಡಿಸಲಿ.

ಹೈದರಾಬಾದಿನ ಪುರಾನಿ ಹವೇಲಿಯ ಸಿಟಿ ಸಿವಿಲ್ ಕೋರ್ಟಿನಲ್ಲಿ ವಿಮಾ ಕಂಪನಿಗಳ ಪರವಾಗಿ, ಅಪಘಾತ ಪರಿಹಾರದ ಅರ್ಜಿಗಳಿಗೆ ಉತ್ತರವಾಗಿ ಸಲ್ಲಿಕೆಯಾಗುವ ಹೆಚ್ಚಿನ ಕೌಂಟರ್‌ಗಳ ಸಾರ ಇಷ್ಟೇ. ಎಂಟು ಹತ್ತು ಪುಟ ಇರುತ್ತದೆ, ಹೆಸರು ಮತ್ತು ವಾಹನದ ನಂಬರು ಮಾತ್ರ ಬದಲಾಗುತ್ತದೆ. ಪಾಲಿಸಿ ಅಚ್ಚಾಗಿ ಬಂದದ್ದು ಕಂಪನಿಯ ಕಂಪ್ಯೂಟರಿನಿಂದಲೇ. ಅದು ಇದೆಯೋ ಇಲ್ಲವೋ ಎಂದು ಹೇಳಬೇಕಾದವಳು ಮಾತ್ರ ಗಂಡನನ್ನು ಕಳೆದುಕೊಂಡ ಹೆಂಗಸು!

ನಾನು ಹುಮನಾಬಾದಿನವಳು. ಇಲ್ಲಿ ವಿಮಾ ಕಂಪನಿಗಳ ಪ್ಯಾನಲ್ ವಕೀಲೆ. ನಮ್ಮ ಕಡೆ ಎಂವಿಸಿ ಎಂದು ನಂಬರು ಬೀಳುವ ಇಂಥ ಕೇಸುಗಳಿಗೆ ಇಲ್ಲಿ ಎಂವಿಒಪಿ ಎನ್ನುತ್ತಾರೆ. ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಂತೆ ಅಪಘಾತ ನಡೆದ ಊರಿನಲ್ಲಿ, ಅರ್ಜಿದಾರರು ವಾಸಿಸುವ ಅಥವಾ ದುಡಿಯುವ ಊರಿನಲ್ಲಿ, ಎದುರು ಪಾರ್ಟಿ ಇರುವ ಊರಿನಲ್ಲಿ, ಎಲ್ಲಿ ಬೇಕಾದರೂ ಅರ್ಜಿ ಹಾಕಬಹುದು. ಹಾಗಾಗಿ ಗಚ್ಚಿಬೌಲಿ, ಕೊಂಡಾಪುರದ ಕಟ್ಟಡ ಕೆಲಸಕ್ಕೆ ಬಂದ ಯಾದಗಿರಿ, ಕಲಬುರಗಿ, ರಾಯಚೂರಿನವರ ಫೈಲುಗಳು ನನ್ನ ಮೇಜಿಗೂ ಬರುತ್ತವೆ. ನಾನಿರುವುದು ಅವರೆದುರು. ಊರಿಗೆ ಹೋದಾಗ ಸೋದರಮಾವ ಚುಚ್ಚುವುದುಂಟು: “ಸತ್ತವರ ರೊಕ್ಕಕ್ಕೂ ಅಡ್ಡಗಾಲು ಹಾಕ್ತಿಯಲ್ಲವಾ.”

ಆ ಮಾತನ್ನು ನಾನು ಒಪ್ಪುವುದಿಲ್ಲ. ಥರ್ಡ್ ಪಾರ್ಟಿ ವಿಮೆಯ ದುಡ್ಡು ಆಕಾಶದಿಂದ ಉದುರುವುದಿಲ್ಲ. 2022ರ ಜೂನ್‌ನಿಂದ ಜಾರಿಗೆ ಬಂದ ದರದ ಪ್ರಕಾರ 75ರಿಂದ 150 ಸಿಸಿಯ ಬೈಕಿಗೆ ವರ್ಷಕ್ಕೆ 714 ರೂಪಾಯಿ. ಹಾಲು ಹಾಕುವವನು, ಕೊರಿಯರ್ ಹುಡುಗ, ಶಾಲಾ ಮಾಸ್ತರು ಕಟ್ಟಿದ ಇಂಥ ಸಣ್ಣ ಮೊತ್ತಗಳು ಸೇರಿಯೇ ಆ ಗಂಟು ಆಗಿರುವುದು. ಅದಕ್ಕೆ ಕಾವಲು ಬೇಕು.

ಒಂದು ಕೇಸು ಹೇಳುತ್ತೇನೆ. ತೊಡೆಯ ಮೂಳೆ ಮುರಿದ ಯುವಕ, ಎಂಟು ಲಕ್ಷದ ಕ್ಲೇಮು. ಅಪಘಾತವಾಗಿ ಹತ್ತೊಂಬತ್ತು ದಿನದ ಮೇಲೆ ಎಫ್‌ಐಆರ್. ತನ್ನ ಬೈಕಿಗೆ ಹಿಂದಿನಿಂದ ಆಟೋ ಗುದ್ದಿತು ಎಂದು ದೂರು. ಮೋಟಾರು ವಾಹನ ಇನ್‌ಸ್ಪೆಕ್ಟರ್ ವರದಿ ನೋಡಿದರೆ ಆಟೋದ ಮುಂಭಾಗದಲ್ಲಿ ಒಂದು ಗೀರೂ ಇಲ್ಲ. ಬೈಕಿನ ಪಾಲಿಸಿ ಮುಗಿದಿತ್ತು, ಆಟೋದ ಪಾಲಿಸಿ ಚಾಲ್ತಿಯಲ್ಲಿತ್ತು. ಆಸ್ಪತ್ರೆಯ ಕ್ಯಾಶುವಾಲ್ಟಿ ರಿಜಿಸ್ಟರನ್ನು ಡಾಕ್ಟರ ಸಮೇತ ಕೋರ್ಟಿಗೆ ಕರೆಸಿದೆವು. ಅಂದು ರಾತ್ರಿ 11.40ಕ್ಕೆ ಡ್ಯೂಟಿ ಡಾಕ್ಟರು ತಮ್ಮ ಕೈಯಲ್ಲೇ ಬರೆದ ಒಂದು ಸಾಲು ಅದರಲ್ಲಿತ್ತು: ಬೈಕ್ ಸ್ಕಿಡ್ ಆಗಿ ತಾನೇ ಬಿದ್ದದ್ದು. ಅರ್ಜಿ ವಜಾ ಆಯಿತು. ಉತ್ತರ ಪ್ರದೇಶದಲ್ಲಿ ಇಂಥ ಸುಳ್ಳು ಕ್ಲೇಮುಗಳು ಎಷ್ಟು ಹೆಚ್ಚಿದವೆಂದರೆ, 2015ರಲ್ಲಿ ಅಲಹಾಬಾದ್ ಹೈಕೋರ್ಟು ಅವುಗಳ ತನಿಖೆಗೆ ವಿಶೇಷ ತಂಡವನ್ನೇ ರಚಿಸುವಂತೆ ಆದೇಶಿಸಬೇಕಾಯಿತು. ಈ ಕೆಲಸಕ್ಕೆ ನಾನು ನಾಚಿಕೊಳ್ಳುವುದಿಲ್ಲ.

ಆದರೆ ಬೀರುವಿನಲ್ಲಿರುವ ಬಹುಪಾಲು ಫೈಲುಗಳು ಅಂಥವಲ್ಲ. ಅಪಘಾತ ನಿಜ, ಲಾರಿ ನಿಜ, ಪಾಲಿಸಿ ನಿಜ. ಜಗಳ ಉಳಿಯುವುದು ಒಂದೇ ಅಂಕಿಯ ಮೇಲೆ, ಸತ್ತವನ ತಿಂಗಳ ದುಡಿಮೆಯ ಮೇಲೆ. ಮಿಕ್ಕಿದ್ದನ್ನೆಲ್ಲ ಸುಪ್ರೀಂ ಕೋರ್ಟು ಎಂದೋ ಕೋಷ್ಟಕ ಮಾಡಿಟ್ಟಿದೆ. 2009ರ ಸರಳಾ ವರ್ಮಾ ತೀರ್ಪು ಯಾವ ವಯಸ್ಸಿಗೆ ಎಷ್ಟರಿಂದ ಗುಣಿಸಬೇಕೆಂದು ಹೇಳಿತು. 2017ರ ಅಕ್ಟೋಬರಿನಲ್ಲಿ ಪ್ರಣಯ್ ಸೇಠಿ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಮುಂದಿನ ಗಳಿಕೆಗೆಂದು ಎಷ್ಟು ಸೇರಿಸಬೇಕೆಂಬುದನ್ನೂ ಗೊತ್ತುಮಾಡಿತು.

ಮೂವತ್ತೆರಡು ವಯಸ್ಸಿನ ಗಾರೆ ಕೆಲಸದವನು ಎನ್ನಿ. ಹೆಂಡತಿ, ಎರಡು ಮಕ್ಕಳು, ತಾಯಿ. ತಿಂಗಳ ಗಳಿಕೆ 15,000 ಹಿಡಿದರೆ ಶೇ 40 ಸೇರಿಸಿ 21,000. ಅವನ ಸ್ವಂತ ಖರ್ಚಿಗೆಂದು ಕಾಲುಭಾಗ ಕಳೆದರೆ 15,750. ವರ್ಷಕ್ಕೆ 1,89,000. ಅದನ್ನು 16ರಿಂದ ಗುಣಿಸಿದರೆ 30,24,000. ಅದೇ ಗಳಿಕೆಯನ್ನು 9,000 ಎಂದುಬಿಟ್ಟರೆ ಮೊತ್ತ 18,14,400ಕ್ಕೆ ಇಳಿಯುತ್ತದೆ. ಅಂತ್ಯಕ್ರಿಯೆ ಇತ್ಯಾದಿ ಬಾಬ್ತುಗಳಲ್ಲಿ ಸೇರುವುದು ಇದರ ಮುಂದೆ ಚಿಲ್ಲರೆ. ಹನ್ನೆರಡು ಲಕ್ಷದ ವ್ಯತ್ಯಾಸ ನಿಂತಿರುವುದು ಸಂಬಳದ ಚೀಟಿಯನ್ನೇ ಕಾಣದ ಒಬ್ಬನ ಕೂಲಿಯ ಮೇಲೆ.

ಇಂಥದೇ ಒಂದು ಕೇಸಿನಲ್ಲಿ ಯಾದಗಿರಿ ಕಡೆಯ ಒಬ್ಬ ತಾಯಿ ಸಾಕ್ಷಿ ಕಟ್ಟೆ ಹತ್ತಿದ್ದರು. ತೆಲುಗು ಬಾರದು. ಜಡ್ಜರ ಅನುಮತಿ ಪಡೆದು ಪಾಟೀಸವಾಲನ್ನು ನಾನು ಕನ್ನಡದಲ್ಲೇ ಮಾಡಿದೆ.

“ನಿಮ್ಮ ಮಗಗ ದಿನಾ ಎಷ್ಟು ಕೊಡ್ತಿದ್ರವ್ವಾ?”

“ಏಳ್ನೂರು. ಮಳಿ ಬಂದ್ರ ಇಲ್ಲ.”

“ಅದಕ್ಕ ಏನರ ಕಾಗದ ಐತೇನು?”

“ಕಾಗದ ಎಲ್ಲಿಂದ ತರ್ಲಿ? ಅವ ಕಟ್ಟಿದ ಬಿಲ್ಡಿಂಗ್ ಅದಾವ ಕೊಂಡಾಪುರದಾಗ. ಹೋಗಿ ನೋಡ್ಕೊಂಡ್ ಬರ್ರಿ.”

ಸ್ಟೆನೋಗೆ ಹೇಳಿ ಬರೆಸಿದ್ದು ಒಂದೇ ವಾಕ್ಯ: ಆದಾಯಕ್ಕೆ ದಾಖಲೆ ಹಾಜರುಪಡಿಸಿಲ್ಲ. ಕಾನೂನಿನ ದೃಷ್ಟಿಯಿಂದ ಅದು ಸರಿ. ಆದರೆ ದಿನಕ್ಕೆ ಏಳುನೂರು, ತಿಂಗಳಿಗೆ ಇಪ್ಪತ್ತೆರಡು ದಿನ ಎಂದರೂ 15,400 ಆಗುತ್ತದೆಂದು ಕಂಪನಿಯ ಅಧಿಕಾರಿಗೂ ಗೊತ್ತು, ನನಗೂ ಗೊತ್ತು, ಮನೆ ಕಟ್ಟಿಸಿದ ಯಾರಿಗಾದರೂ ಗೊತ್ತು. ಹಾಗಿದ್ದೂ ಕಾದಾಡುವುದು ಏಕೆ? ಉಳಿತಾಯಕ್ಕಂತೂ ಅಲ್ಲ. ಅರ್ಜಿ ಹಾಕಿದ ದಿನದಿಂದ ಬಡ್ಡಿ ಓಡುತ್ತಿರುತ್ತದೆ. ಶೇ 7.5ರಂತೆ ಹಿಡಿದರೂ ಮೂವತ್ತು ಲಕ್ಷದ ಮೇಲೆ ನಾಲ್ಕು ವರ್ಷಕ್ಕೆ ಒಂಬತ್ತು ಲಕ್ಷ.

ಕಾರಣ ಬೇರೆಯೇ ಇದೆ, ಅದನ್ನು ಯಾರೂ ಕಡತದಲ್ಲಿ ಬರೆಯುವುದಿಲ್ಲ. ಸರ್ಕಾರಿ ವಿಮಾ ಕಂಪನಿಯ ಅಧಿಕಾರಿ ತಾನಾಗಿ ಇಪ್ಪತ್ತೈದು ಲಕ್ಷಕ್ಕೆ ರಾಜಿಯಾದರೆ ನಾಳೆ ಆಡಿಟ್ ಕೇಳುತ್ತದೆ, ವಿಜಿಲೆನ್ಸ್ ಕೇಳುತ್ತದೆ. ಕೋರ್ಟು ಬಡ್ಡಿ ಸಮೇತ ನಲವತ್ತು ಲಕ್ಷ ಕೊಡಿಸಿದರೆ ಅವನನ್ನು ಯಾರೂ ಕೇಳುವುದಿಲ್ಲ. ಸೋತವನಿಗೆ ಪ್ರಶ್ನೆಯಿಲ್ಲ, ಇತ್ಯರ್ಥ ಮಾಡಿದವನಿಗೆ ಮೆಮೊ. ಲೋಕ ಅದಾಲತ್ ದಿನ ಅದೇ ಅಧಿಕಾರಿ ಬೆಳಗ್ಗೆಯಿಂದ ಸಂಜೆಯೊಳಗೆ ಇಪ್ಪತ್ತು ಕೇಸು ಮುಗಿಸುತ್ತಾನೆ, ಏಕೆಂದರೆ ಅಂದು ಜಡ್ಜರ ಸಹಿ ಇರುತ್ತದೆ. ಅದೊಂದು ಕೊಡೆ ಅವನಿಗೆ. ನಾನೊಮ್ಮೆ ಅಪಘಾತವನ್ನೂ ಪಾಲಿಸಿಯನ್ನೂ ಒಪ್ಪಿಕೊಂಡು, ಆದಾಯ ಮತ್ತು ವಯಸ್ಸನ್ನು ಮಾತ್ರ ಪ್ರಶ್ನಿಸಿ ಒಂದೂವರೆ ಪುಟದ ಕೌಂಟರ್ ಕಳಿಸಿದಾಗ, “ಎಲ್ಲಾ ಒಪ್ಪಿಕೊಂಡುಬಿಟ್ಟಿದ್ದೀರಲ್ಲ ಮೇಡಂ” ಎಂದು ಫೋನು ಬಂತು. ಇದ್ದದ್ದನ್ನು ಇದೆ ಎಂದಿದ್ದೇನೆ ಸಾರ್ ಎಂದೆ. ಅವರು ನಕ್ಕರು, ಕೌಂಟರ್ ಮಾತ್ರ ವಾಪಸ್ ಬಂತು.

ಲೈಸೆನ್ಸಿನ ವಾದದ ಕತೆಯೂ ಇಷ್ಟೇ. ಲೈಸೆನ್ಸ್ ನಕಲಿಯಾದರೂ ಅದು ಮಾಲೀಕನಿಗೆ ಗೊತ್ತಿತ್ತೆಂದು ಕಂಪನಿಯೇ ತೋರಿಸಬೇಕೆಂದು 2004ರಲ್ಲೇ ಸ್ವರಣ್ ಸಿಂಗ್ ಪ್ರಕರಣದಲ್ಲಿ ತೀರ್ಪಾಗಿದೆ. 7,500 ಕೆಜಿಗಿಂತ ಹಗುರವಾದ ಸರಕು ಗಾಡಿಯನ್ನು ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸಿನಲ್ಲೇ ಓಡಿಸಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದನ್ನು 2024ರ ನವೆಂಬರ್ 6ರಂದು ಸಂವಿಧಾನ ಪೀಠ ಎತ್ತಿಹಿಡಿಯಿತು. ಟಾಟಾ ಏಸ್ ಕೇಸುಗಳಲ್ಲಿ ಸರಿಯಾದ ಲೈಸೆನ್ಸ್ ಇರಲಿಲ್ಲವೆಂಬ ಪ್ಯಾರಾ ಆಮೇಲೂ ಬರುತ್ತಲೇ ಇದೆ. ಕಾಪಿ ಪೇಸ್ಟಿಗೆ ತೀರ್ಪು ಓದುವ ಅಭ್ಯಾಸವಿಲ್ಲ.

ಇದನ್ನೆಲ್ಲ ಸರಿಪಡಿಸಲು ಹೊಸ ಕಾನೂನೇನೂ ಬೇಕಾಗಿಲ್ಲ. 2022ರ ಏಪ್ರಿಲ್ 1ರಿಂದ ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನೂ, 90 ದಿನದೊಳಗೆ ವಿವರವಾದ ವರದಿಯನ್ನೂ ಕೊಡಬೇಕು. ಕಾಯ್ದೆಯ 149ನೇ ಕಲಮಿನಂತೆ ಕಂಪನಿ ಒಬ್ಬ ಅಧಿಕಾರಿಯನ್ನು ಗೊತ್ತುಮಾಡಬೇಕು, ಆತ ಮೂವತ್ತು ದಿನದೊಳಗೆ ಇಷ್ಟು ಕೊಡುತ್ತೇವೆಂದು ಹೇಳಬಹುದು. ಇದನ್ನು ಸರಿಯಾಗಿ ಜಾರಿಮಾಡಿ ಎಂದು ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೂ ನಿರ್ದೇಶಿಸಿತು. ಆದರೂ ಆ ಹಂತದಲ್ಲೇ ಮುಗಿದ ಫೈಲು ನನ್ನ ಮೇಜಿನ ಮೇಲೆ ಅಪರೂಪ. ವಾಸ್ತವವಾಗಿ ನಮ್ಮಂಥ ವಕೀಲರಿಗೆ ಒಳ್ಳೆಯ ಕೆಲಸವಿರುವುದು ಅಲ್ಲೇ. ಫೈಲು ಓದಿ, ಇದು ಕಾದಾಡುವ ಕೇಸು, ಇದು ಕೊಟ್ಟು ಮುಗಿಸುವ ಕೇಸು ಎಂದು ಮೊದಲ ತಿಂಗಳಲ್ಲೇ ಬರೆದುಕೊಡುವುದು. ಕ್ಯಾಶುವಾಲ್ಟಿ ರಿಜಿಸ್ಟರು ನೋಡುವ ಕಣ್ಣು ಅಲ್ಲಿಗೇ ಬೇಕು.

ವಿಮಾ ನಿಯಂತ್ರಣ ಪ್ರಾಧಿಕಾರದ ಕೇಂದ್ರ ಕಚೇರಿ ಇದೇ ಊರಿನ ನಾನಕ್‌ರಾಮ್‌ಗುಡದಲ್ಲಿದೆ. ಸುಪ್ರೀಂ ಕೋರ್ಟಿನ ಕೋಷ್ಟಕದಂತೆ ಲೆಕ್ಕ ಹಾಕಿ ಇತ್ಯರ್ಥ ಮಾಡಿದ ಅಧಿಕಾರಿಗೆ ಆಡಿಟ್ ಕಿರುಕುಳ ಕೂಡದು ಎಂದು ಸರ್ಕಾರ ಮತ್ತು ಪ್ರಾಧಿಕಾರ ಸೇರಿ ಒಂದು ಸುತ್ತೋಲೆ ಹೊರಡಿಸಲಿ. ಎಷ್ಟು ಕೇಸಿನಲ್ಲಿ ಮೊದಲೇ ಮೊತ್ತ ಹೇಳಿದಿರಿ, ಕೋರ್ಟಿನಲ್ಲಿ ಅದಕ್ಕಿಂತ ಎಷ್ಟು ಹೆಚ್ಚು ಕೊಡಬೇಕಾಯಿತು, ಬರೀ ಬಡ್ಡಿಗೆ ಎಷ್ಟು ಹೋಯಿತು ಎಂಬ ಮೂರು ಕಾಲಮ್ಮುಗಳನ್ನು ಪ್ರತಿ ಕಂಪನಿಯೂ ವರ್ಷಾವರ್ಷ ಪ್ರಕಟಿಸಲಿ. ವಕೀಲರ ಫೀಸಿಗೆಂದು ನಾಲ್ಕನೆಯ ಕಾಲಮ್ಮು ಸೇರಿಸಿದರೂ ನನ್ನ ಅಭ್ಯಂತರವಿಲ್ಲ.