ಇರುಳಿನ ರಾಗಗಳಿಗೆ ಇರುಳೆಲ್ಲಿ?

ಒಂದು ಸಂಜೆಯ ಕಛೇರಿಗೆ ಹೋಗಿ ಬರುವುದು ಬೇರೆ; ಐದು ದಿನಗಳ ಸಂಗೀತೋತ್ಸವಕ್ಕೆಂದು ಮನೆಮಾರನ್ನು ಬಿಟ್ಟು ಪರಸ್ಥಳಕ್ಕೆ ಹೋಗಿ, ಬೆನ್ನಿಗೆ ಆಸರೆಯಿಲ್ಲದ ಜಮಖಾನದ ಮೇಲೆ ದಿನವೂ ಆರೇಳು ತಾಸು ಕುಳಿತು ಕೇಳುವುದು ಬೇರೆ. ಮೊದಲನೆಯದರಲ್ಲಿ ರಸಿಕನು ತನಗೆ ಪ್ರಿಯರಾದ ಗಾಯಕರೊಬ್ಬರನ್ನು ಆರಿಸಿಕೊಂಡು ಹೋಗಿ, ನಿರೀಕ್ಷಿಸಿದ್ದ ಆನಂದವನ್ನು ಪಡೆದು ಹಿಂದಿರುಗುತ್ತಾನೆ. ಎರಡನೆಯದರಲ್ಲಿ ಆ ಆಯ್ಕೆಯನ್ನು ಅವನು ತಾನಾಗಿಯೇ ಬಿಟ್ಟುಕೊಟ್ಟಿರುತ್ತಾನೆ. ಅದುವರೆಗೆ ಹೆಸರನ್ನೇ ಕೇಳಿರದ ತರುಣಿಯೊಬ್ಬಳು ಮಧ್ಯಾಹ್ನದ ಬಿಸಿಲು ಇಳಿಯುವ ಮುನ್ನ ಹಾಡುವ ಭೀಮಪಲಾಸಿಯಿಂದ ತೊಡಗಿ, ರಾತ್ರಿ ವೃದ್ಧ ಪಂಡಿತರೊಬ್ಬರು ನಡುಗುವ ಕಂಠದಿಂದ ಕಟ್ಟುವ ಬಿಹಾಗದವರೆಗೆ ಬಂದುದನ್ನೆಲ್ಲ ಆತ ಕೇಳಬೇಕು. ಹಾಗೆ ಕೇಳುತ್ತ ಕೇಳುತ್ತ ಎರಡನೆಯ ದಿನದ ದಣಿವು ಕಳೆದು ಮೂರನೆಯ ದಿನಕ್ಕೆ ಅವನ ಕಿವಿ ಎಷ್ಟು ಸೂಕ್ಷ್ಮವಾಗುವುದೆಂದರೆ, ತಂಬೂರಿಯ ಷಡ್ಜ ಕೂದಲೆಳೆಯಷ್ಟು ಇಳಿದರೂ ಅದು ಅವನಿಗೆ ತಿಳಿಯುತ್ತದೆ. ಮನೆಯಲ್ಲಿ ವರ್ಷವೆಲ್ಲ ಧ್ವನಿಮುದ್ರಿಕೆಗಳನ್ನು ಕೇಳಿದರೂ ಈ ಸಂಸ್ಕಾರ ಲಭಿಸುವುದಿಲ್ಲ.

ಇಂಥ ಉತ್ಸವಗಳಲ್ಲಿ ಕನ್ನಡಿಗರಿಗೆ ಅತ್ಯಂತ ಆಪ್ತವಾದುದು ಪುಣೆಯ ಸವಾಯಿ ಗಂಧರ್ವ ಮಹೋತ್ಸವ. ಧಾರವಾಡ ಜಿಲ್ಲೆಯ ಕುಂದಗೋಳದಲ್ಲಿ 1886ರಲ್ಲಿ ಜನಿಸಿದ ರಾಮಭಾವು ಕುಂದಗೋಳಕರರು ಉಸ್ತಾದ್ ಅಬ್ದುಲ್ ಕರೀಂ ಖಾನರ ಶಿಷ್ಯರಾಗಿ, ಮರಾಠಿ ರಂಗಭೂಮಿಯಲ್ಲಿ ಸವಾಯಿ ಗಂಧರ್ವರೆಂದು ಖ್ಯಾತರಾದರು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಫಿರೋಜ್ ದಸ್ತೂರರಂಥವರನ್ನು ತಿದ್ದಿ ತೀಡಿದ ಅವರು 1952ರಲ್ಲಿ ಪುಣೆಯಲ್ಲಿ ತೀರಿಕೊಂಡರು. ಮರುವರ್ಷವೇ ಭೀಮಸೇನರು ಗುರುವಿನ ಸ್ಮರಣೆಗೆಂದು ಆರ್ಯ ಸಂಗೀತ ಪ್ರಸಾರಕ ಮಂಡಳದ ಆಶ್ರಯದಲ್ಲಿ ಈ ಉತ್ಸವವನ್ನು ಆರಂಭಿಸಿದರು. 2011ರಲ್ಲಿ ಅವರೂ ನಿಧನರಾದ ಮೇಲೆ ಶಿಷ್ಯನ ಹೆಸರೂ ಗುರುವಿನ ಹೆಸರಿನೊಡನೆ ಸೇರಿಕೊಂಡಿತು. ಕುಂದಗೋಳದ ಗುರುವಿಗಾಗಿ ಗದಗಿನ ಶಿಷ್ಯನು ಮರಾಠಿಗರ ನಾಡಿನಲ್ಲಿ ನಡೆಸಿದ ಈ ಸೇವೆಯನ್ನು ನೆನೆದಾಗಲೆಲ್ಲ ನನಗೆ ಅಭಿಮಾನ ಉಕ್ಕಿಬರುತ್ತದೆ. ಅದನ್ನು ಮುಚ್ಚಿಡುವ ಅಗತ್ಯವನ್ನು ನಾನು ಕಂಡಿಲ್ಲ.

ಡಿಸೆಂಬರಿನ ಆ ದಿನಗಳಲ್ಲಿ ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಮೀರಜ, ಸಾಂಗಲಿಗಳಿಂದ ಬಂದ ರಸಿಕರು ಶಾಲು ಹೊದ್ದು, ಕಿವಿಗೆ ಮಫ್ಲರು ಸುತ್ತಿಕೊಂಡು ಚಪ್ಪರದೊಳಗೆ ಸೇರುತ್ತಾರೆ. ಚಹದ ಸಾಲಿನಲ್ಲಿ ಕನ್ನಡವೂ ಮರಾಠಿಯೂ ಒಂದಕ್ಕೊಂದು ಹೆಣೆದುಕೊಂಡು ಕೇಳಿಬರುತ್ತವೆ. ಝುಣಕಾ ಭಾಕರಿಯ ತಟ್ಟೆಯನ್ನು ಕೈಯಲ್ಲಿ ಹಿಡಿದೇ ಇಬ್ಬರು ಅಪರಿಚಿತರು ಹಿಂದಿನ ರಾತ್ರಿ ಕೇಳಿದ ಮಾರು ಬಿಹಾಗದ ವಿಲಂಬಿತದ ಕುರಿತು ಜಗಳಕ್ಕೆ ನಿಲ್ಲುವುದುಂಟು. ಆದರೆ ಉತ್ಸವದ ಅನುಭವವಿದ್ದವರು ತಪ್ಪಿಸಿಕೊಳ್ಳಲಾರದ ಘಳಿಗೆಯೆಂದರೆ ಹಾಡುಗಾರಿಕೆಗೆ ಮೊದಲು ತಂಬೂರಿಗಳನ್ನು ಶ್ರುತಿಗೂಡಿಸುವ ಹೊತ್ತು. ಚಳಿಗೆ ತಂತಿಗಳು ನಿಂತಲ್ಲಿ ನಿಲ್ಲುವುದಿಲ್ಲ. ಶಿಷ್ಯನೊಬ್ಬನು ಕಿವಿಯನ್ನು ದಂಡಿಗೆ ಆನಿಸಿ, ಕುದುರೆಯ ಮೇಲೆ ತಂತಿಯಡಿಗಿರುವ ನೂಲಿನೆಳೆಯನ್ನು ಉಗುರಿನಿಂದ ಒಂದಿಷ್ಟೇ ಇಷ್ಟು ಸರಿಸುತ್ತಾನೆ. ಒಡನೆಯೇ ಅದುವರೆಗೆ ಮಂಕಾಗಿದ್ದ ನಾದವು ಅರಳಿ ಚಪ್ಪರವನ್ನು ತುಂಬುತ್ತದೆ. ಮೊದಲ ತಂತಿಯನ್ನು ಪಂಚಮದಲ್ಲೇ ನಿಲ್ಲಿಸಿದರೆ ಒಂದು ಬಗೆಯ ರಾಗ. ಅದನ್ನು ಮಧ್ಯಮಕ್ಕೆ ಇಳಿಸತೊಡಗಿದರೆ ಜಮಖಾನದ ಮೇಲೆ ಕುಳಿತವರಲ್ಲಿ ಒಂದು ಸಂಚಲನ ಉಂಟಾಗುತ್ತದೆ. ಏಕೆಂದರೆ ಪಂಚಮವಿಲ್ಲದೆ ಶುದ್ಧ ಮಧ್ಯಮವಿರುವ ರಾಗಕ್ಕೆ ಹಾಗೆ ಮಧ್ಯಮದ ತಂಬೂರಿ ಬೇಕಾಗುತ್ತದೆ, ಮತ್ತು ಇರುಳಿನ ಗಂಭೀರ ರಾಗಗಳಲ್ಲಿ ಅಗ್ರಗಣ್ಯವಾದ ಮಾಲಕಂಸ, ಬೆಳಗಿನ ಜಾವದ ಲಲಿತ ಎರಡೂ ಅಂಥವೇ.

ಈ ಲೇಖನವನ್ನು ಬರೆಯಲು ಪ್ರೇರಣೆಯಾದುದು ಆ ಮಧ್ಯಮದ ತಂತಿಯೇ. ಅದು ಇತ್ತೀಚೆಗೆ ಅಪರೂಪವಾಗುತ್ತಿದೆ.

ಹಿಂದುಸ್ಥಾನಿ ಪದ್ಧತಿಯಲ್ಲಿ ರಾಗಕ್ಕೂ ಪ್ರಹರಕ್ಕೂ ಇರುವ ಸಂಬಂಧವನ್ನು ಕನ್ನಡ ವಾಚಕರಿಗೆ ವಿಸ್ತರಿಸಿ ಹೇಳಬೇಕಾಗಿಲ್ಲ. ಮುಲ್ತಾನಿ ಅಪರಾಹ್ನದ್ದು, ಮಾರವಾ ಸೂರ್ಯಾಸ್ತದ್ದು, ಯಮನ್ ದೀಪ ಹಚ್ಚಿದ ಮೇಲಿನದು. ಬಾಗೇಶ್ರೀ, ದರಬಾರಿ, ಅಡಾಣಾಗಳು ನಡುರಾತ್ರಿಯ ಕಡೆಗೆ ಸಾಗುತ್ತವೆ. ಸೋಹಿನಿ, ಪರಜಗಳು ರಾತ್ರಿಯ ಕಡೆಯ ಜಾವವನ್ನು ಕಾಯುತ್ತವೆ. ಲಲಿತವು ಕತ್ತಲೆಗೂ ಬೆಳಕಿಗೂ ನಡುವಣ ಸಂಧಿಯಲ್ಲಿ ಎರಡು ಮಧ್ಯಮಗಳನ್ನು ಒಂದರ ಮಗ್ಗುಲಲ್ಲಿ ಒಂದನ್ನಿರಿಸಿ ನಮ್ಮನ್ನು ಭೈರವದ ಹೊಸ್ತಿಲಿಗೆ ತಂದು ಬಿಡುತ್ತದೆ. ಹಿಂದೆ ಈ ಉತ್ಸವವು ಇರುಳಿಡೀ ನಡೆಯುತ್ತಿತ್ತು. ಕಡೆಯ ರಾತ್ರಿ ಕಳೆದು ಬೆಳಗಾಗುವ ಹೊತ್ತಿಗೆ ಕಿರಾಣಾ ಘರಾಣೆಯ ಹಿರಿಯರು ಹಾಡಿ ಮುಗಿಸುವುದು, ಕೊನೆಯಲ್ಲಿ ಸವಾಯಿ ಗಂಧರ್ವರದೇ ಭೈರವಿಯ ಹಳೆಯ ಧ್ವನಿಮುದ್ರಿಕೆಯನ್ನು ಕೇಳಿ ಎಲ್ಲರೂ ಏಳುವುದು, ಇದು ಅಲ್ಲಿಯ ಸಂಪ್ರದಾಯವಾಗಿತ್ತು. ಈಗ ಧ್ವನಿಮುದ್ರಿಕೆ ಉಳಿದಿದೆ, ಇರುಳು ಉಳಿದಿಲ್ಲ. ಮಧ್ಯಾಹ್ನಕ್ಕೆ ಆರಂಭವಾದ ಕಾರ್ಯಕ್ರಮವು ರಾತ್ರಿ 10ಕ್ಕೆ ಮುಗಿಯಬೇಕು. ವಿಶೇಷ ಅನುಮತಿ ದೊರೆತ ದಿನ ಮಾತ್ರ ನಡುರಾತ್ರಿಯವರೆಗೆ ಸಾಗಬಹುದು. ಪಕ್ಕದಲ್ಲಿ ಕುಳಿತಿದ್ದ ಧಾರವಾಡದ ಹಿರಿಯರೊಬ್ಬರು ಒಮ್ಮೆ ಜಮಖಾನದಿಂದ ಏಳುತ್ತ, "ದರಬಾರಿ ಕೇಳಬೇಕಂದ್ರ ಇನ್ನ ಮನ್ಯಾಗ ರೇಡಿಯೋ ಹಚ್ಚಿಕೊಂಡ ಕೂಡಬೇಕ್ರಿ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕಾಗಿಯೇ ಆ ಮಾತು ನನ್ನನ್ನು ಹೆಚ್ಚು ನೋಯಿಸಿತು.

ರಾಗಕ್ಕೆ ಕಾಲದ ಕಟ್ಟು ಬರಿಯ ರೂಢಿ, ಕರ್ನಾಟಕ ಸಂಗೀತದವರು ಅದನ್ನು ಅಷ್ಟಾಗಿ ಪಾಲಿಸದೆಯೂ ಮಹತ್ತಾದ ಸಂಗೀತವನ್ನು ಸೃಷ್ಟಿಸಿಲ್ಲವೆ ಎಂದು ಕೇಳುವವರಿದ್ದಾರೆ. ಅದು ನಿಜ, ಮಾಲಕಂಸವನ್ನು ರಾತ್ರಿ 9 ಗಂಟೆಗೆ ಹಾಡಿದರೆ ಸ್ವರಗಳೇನೂ ಅಪಸ್ವರವಾಗುವುದಿಲ್ಲ. ಆದರೆ ನಾನು ಹೇಳುತ್ತಿರುವುದು ಶಾಸ್ತ್ರದ ವಿಧಿಯನ್ನಲ್ಲ, ಕೇಳುಗನ ಸ್ಥಿತಿಯನ್ನು. ಸಂಜೆಯಿಂದ ಕುಳಿತವನ ದೇಹ ದಣಿದು, ಊರಿನ ಸದ್ದೆಲ್ಲ ಅಡಗಿ, ಮನಸ್ಸು ಲೌಕಿಕದ ಲೆಕ್ಕಾಚಾರಗಳನ್ನು ಕೈಬಿಟ್ಟ ಮೇಲೆ ರಾತ್ರಿ ಎರಡು ಗಂಟೆಗೆ ಬರುವ ದರಬಾರಿಯ ಆಂದೋಲಿತ ಗಾಂಧಾರವು ಹೋಗಿ ಮುಟ್ಟುವ ಸ್ಥಳವನ್ನು, ಕಡೆಯ ಬಸ್ಸು ತಪ್ಪೀತೆಂಬ ಚಿಂತೆಯಲ್ಲಿ ಗಡಿಯಾರ ನೋಡುತ್ತ ಕುಳಿತವನಲ್ಲಿ ಅದೇ ಗಾಂಧಾರವು ಮುಟ್ಟಲಾರದು. ಗಾಯಕನ ಪಾಡೂ ಇದಕ್ಕಿಂತ ಭಿನ್ನವಲ್ಲ. ಮುಂದೆ ಸಮಯದ ಗೋಡೆಯಿಲ್ಲವೆಂದು ಅರಿತವನು ಮಂದ್ರ ಸಪ್ತಕದಲ್ಲಿ ಅರ್ಧ ತಾಸು ನಿಲ್ಲಬಲ್ಲ. ಹತ್ತಕ್ಕೆ ಮುಗಿಸಬೇಕಾದವನು ಆಲಾಪವನ್ನು ಮೊಟಕುಗೊಳಿಸಿ ತಾನುಗಳಿಗೆ ಧಾವಿಸಲೇಬೇಕಾಗುತ್ತದೆ. ಹೀಗೆ ಹಲವು ವರ್ಷ ನಡೆದರೆ, ಕಡೆಯ ಜಾವದ ರಾಗಗಳನ್ನು ವೇದಿಕೆಗಾಗಿ ಅಭ್ಯಾಸ ಮಾಡುವ ತರುಣರೇ ಇಲ್ಲವಾದಾರೆಂಬುದು ನನ್ನ ಭಯ. ಕೇಳುವವರಿಲ್ಲದ ವಿದ್ಯೆಯನ್ನು ಯಾವ ಗುರುವೂ ಬಹುಕಾಲ ಕಲಿಸಲಾರನು.

ಇಷ್ಟು ಹೇಳಿದವನು ಕಾನೂನನ್ನು ದೂಷಿಸುವೆನೆಂದು ಯಾರೂ ಭಾವಿಸಬಾರದು. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕವನ್ನು ನಿಷೇಧಿಸಿದುದು, ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ಅದನ್ನು ಎತ್ತಿಹಿಡಿದುದು, ಎರಡೂ ನ್ಯಾಯವೇ. ಪರೀಕ್ಷೆಗೆ ಓದುವ ಮಗುವಿಗೂ ಹಾಸಿಗೆ ಹಿಡಿದ ರೋಗಿಗೂ ನಿದ್ರೆಯ ಹಕ್ಕುಂಟು; ನಮ್ಮ ಆನಂದವು ಅವರ ನಿದ್ರೆಗಿಂತ ಹೆಚ್ಚಿನದೆಂದು ವಾದಿಸುವುದು ಸಂಗೀತವನ್ನು ಪ್ರೀತಿಸುವವನಿಗೆ ಶೋಭಿಸದು. ಇರುಳನ್ನು ಕಳೆದುಕೊಂಡವರು ನಾವು ಮಾತ್ರವೂ ಅಲ್ಲ. ಬೆಳತನಕ ನಡೆಯುತ್ತಿದ್ದ ಯಕ್ಷಗಾನವು ಕಾಲಮಿತಿಗೆ ಒಳಗಾದುದನ್ನು ಕರಾವಳಿಯವರು ಬಲ್ಲರು. ಆದರೆ ಅದೇ ನಿಯಮಗಳಲ್ಲಿ ನಮ್ಮವರು ಗಮನಕ್ಕೆ ತಂದುಕೊಳ್ಳದ ಅವಕಾಶಗಳೂ ಇವೆ. ಒಳಗಿನವರಿಗಷ್ಟೇ ಕೇಳಿಸುವಂತೆ ಸಭಾಂಗಣದಂಥ ಮುಚ್ಚಿದ ಆವರಣದಲ್ಲಿ ರಾತ್ರಿಯಲ್ಲೂ ಧ್ವನಿವರ್ಧಕವನ್ನು ಬಳಸಲು ನಿಷೇಧವಿಲ್ಲ. ಕೋಲ್ಕತ್ತೆಯ ಡೋವರ್ ಲೇನ್ ಸಂಗೀತ ಸಮ್ಮೇಳನವು ಜನವರಿಯಲ್ಲಿ ನಜ್ರುಲ್ ಮಂಚದ ಒಳಗೆ ಇಂದಿಗೂ ರಾತ್ರಿಗಳನ್ನು ಬೆಳಗು ಮಾಡುತ್ತಿರುವುದು ಹೀಗೆಯೇ. ಸಾವಿರಾರು ಜನರು ಸೇರುವ ಉತ್ಸವವು ಅಷ್ಟೂ ದಿನ ಸಭಾಂಗಣದಲ್ಲಿ ಹಿಡಿಸಲಾರದೆಂಬುದನ್ನು ಒಪ್ಪುತ್ತೇನೆ. ನಾಲ್ಕು ದಿನ ಮೈದಾನದ ಚಪ್ಪರವಿರಲಿ. ಒಂದು ಇರುಳು ಮಾತ್ರ, ಚಪ್ಪರದ ಹತ್ತರಲ್ಲೊಂದು ಪಾಲು ಜನರಿಗಾದರೂ ಸರಿಯೆ, ಸಭಾಂಗಣದ ಬಾಗಿಲು ತೆರೆಯಲಿ.

ನಮ್ಮ ನಾಡಿನ ಸಂಘಟಕರಿಗೆ ಈ ಮಾತನ್ನು ನಾನು ಇನ್ನಷ್ಟು ಒತ್ತಿ ಹೇಳಬಯಸುತ್ತೇನೆ. ಧಾರವಾಡದಲ್ಲಿ ಮಲ್ಲಿಕಾರ್ಜುನ ಮನ್ಸೂರರ ಹೆಸರಿನ ಕಲಾಭವನವಿದೆ. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿದ ಚೌಡಯ್ಯ ಸ್ಮಾರಕ ಭವನವಿದೆ. ಶಿವರಾತ್ರಿಯ ಜಾಗರಣೆಗೆ ಅಹೋರಾತ್ರಿ ಸಂಗೀತವನ್ನು ಕೇಳಿದ ಅಭ್ಯಾಸ ನಮ್ಮ ಜನರಿಗೆ ಹೊಸದಲ್ಲ. ವರ್ಷಕ್ಕೊಮ್ಮೆ ಇಂಥದೊಂದು ಭವನದಲ್ಲಿ ರಾತ್ರಿ 10ಕ್ಕೆ ಆರಂಭಿಸಿ, ನಾಲ್ವರೇ ಕಲಾವಿದರಿಗೆ ಇಡೀ ಇರುಳನ್ನು ಹಂಚಿಕೊಟ್ಟು, ಬೆಳಗಿನವರೆಗೆ ಬಾಗಿಲ ಬಳಿ ಬಿಸಿ ಚಹವನ್ನೂ ಮನೆಗೆ ಹೋಗುವವರಿಗೆ ಮುಂಜಾನೆಯ ಬಸ್ಸನ್ನೂ ಏರ್ಪಡಿಸಿದರೆ ಸಾಕು. ನಾಲ್ವರೆಂದುದು ಯೋಚಿಸಿಯೇ. ಈಗಿನ ಉತ್ಸವಗಳಲ್ಲಿ ಕಲಾವಿದರ ಸಂಖ್ಯೆ ಹೆಚ್ಚಿ, ಪ್ರತಿಯೊಬ್ಬರಿಗೂ ಒಂದು ಗಂಟೆ, ಒಂದೂವರೆ ಗಂಟೆ ದೊರೆಯುವುದೇ ಕಷ್ಟವಾಗಿ, ಹಸಿವೆ ಹೆಚ್ಚಿಸಿ ಎದುರಿಗಿಟ್ಟ ತಟ್ಟೆಯನ್ನು ಎತ್ತಿಕೊಂಡು ಹೋದಂತಾಗುತ್ತಿದೆ.

ಭವನವೂ ದೊರೆಯದೆಂದಾದರೆ ಇನ್ನೊಂದು ದಾರಿಯುಂಟು. ಅದಕ್ಕೆ ಹಣವಾಗಲಿ ವಿಶೇಷ ಅನುಮತಿಯಾಗಲಿ ಬೇಕಾಗದು. ಕಾನೂನಿನ ರಾತ್ರಿ ಮುಗಿಯುವುದು ಬೆಳಿಗ್ಗೆ 6ಕ್ಕೆ. ಆದರೆ ಡಿಸೆಂಬರಿನ ನಡುವಿನಲ್ಲಿ ಪುಣೆಯಲ್ಲೂ ಧಾರವಾಡದಲ್ಲೂ ಸೂರ್ಯೋದಯವಾಗುವುದು 7ರ ಸುಮಾರಿಗೆ. ಆ ನಡುವಣ ಒಂದು ತಾಸು ನ್ಯಾಯಾಲಯದ ಲೆಕ್ಕದಲ್ಲಿ ಹಗಲು, ಲಲಿತದ ಲೆಕ್ಕದಲ್ಲಿ ಇನ್ನೂ ಕತ್ತಲೆಯ ಸೆರಗು. ಯಾವ ಸಂಘಟಕರೇ ಆಗಲಿ ಉತ್ಸವದ ಒಂದು ದಿನ ಹಿಂದಿನ ರಾತ್ರಿ ಬೇಗ ಮುಗಿಸಿ, ಮರುದಿನ 6 ಗಂಟೆಗೆ ಸರಿಯಾಗಿ ಪರದೆ ಸರಿಸಿ, ತಂಬೂರಿಯ ಮೊದಲ ತಂತಿಯನ್ನು ಮಧ್ಯಮಕ್ಕೆ ಇಳಿಸಿಟ್ಟುಕೊಂಡ ಗಾಯಕರನ್ನು ಕುಳ್ಳಿರಿಸಬಹುದು. ಅವರ ಹಿಂದೆ ಭೈರವಕ್ಕೊಬ್ಬರು, ತೋಡಿಗೊಬ್ಬರು ಬರಬಹುದು. ಅಷ್ಟು ಮುಂಜಾನೆ ಯಾರು ಬಂದಾರೆಂಬ ಸಂದೇಹ ಬೇಡ. ಐದು ದಿನ ನೆಲದ ಮೇಲೆ ಕುಳಿತು ಕೇಳಲು ಊರು ಬಿಟ್ಟು ಬಂದವರು ಅದೇ ನಗರದ ಛತ್ರಗಳಲ್ಲಿ, ನೆಂಟರ ಮನೆಗಳ ಪಡಸಾಲೆಗಳಲ್ಲಿ ಮಲಗಿರುತ್ತಾರೆ. ಕಾರ್ಯಕ್ರಮದ ಪಟ್ಟಿಯಲ್ಲಿ ಲಲಿತದ ಹೊತ್ತನ್ನು ಕಂಡರೆ ಅವರು ಐದು ಗಂಟೆಗೇ ಬಂದು ಬಾಗಿಲಲ್ಲಿ ನಿಲ್ಲುವರು.