ಕಾನೂನು ಮೊದಲು ಊರಿಗೆ ತಿಳಿಯಲಿ

ಬಿತ್ತನೆ ಮುಗಿದ ಮೇಲೆ ಬೀಜೋಪಚಾರದ ಸಲಹೆ ಕೊಟ್ಟರೆ ಏನು ಪ್ರಯೋಜನ? ಶಿಫಾರಸುಗಳು ಹಂಗಾಮಿಗೆ ಮುಂಚೆಯೇ ಊರು ಮುಟ್ಟಬೇಕು ಎಂಬುದು ವಿಸ್ತರಣಾ ಕಾರ್ಯದ ಮೊದಲ ಪಾಠ. ಕಾನೂನಿಗೂ ಇದೇ ಮಾತು ಅನ್ವಯಿಸುತ್ತದೆ. ಸಲಹೆ ತಡವಾದರೆ ಇಳುವರಿ ಕುಂದೀತು. ತಿಳಿಯದ ಕಾನೂನಿನಿಂದ ದಂಡ, ಸೆರೆಮನೆಗಳೂ ಬಂದಾವು.

ಈ ಬಗ್ಗೆ ರೈತ ಬಾಂಧವರು ತಿಳಿದಿರಬೇಕಾದ ಮೊಕದ್ದಮೆಯೊಂದಿದೆ. ಜಯಪುರ ಸಂಸ್ಥಾನದ ಮಂತ್ರಿ ಪರಿಷತ್ತು 1923ರ ಡಿಸೆಂಬರಿನಲ್ಲಿ ಠರಾವಿನ ಮೂಲಕ ಅಫೀಮು ಕಾಯಿದೆಯೊಂದನ್ನು ಮಾಡಿತು. ಅದು ಗೆಜೆಟ್ಟಿನಲ್ಲಿ ಅಚ್ಚಾಗಲಿಲ್ಲ; ಬೇರೆ ರೀತಿಯಲ್ಲೂ ಅದನ್ನು ಜನರಿಗೆ ಸಾರಲಿಲ್ಲ. ಆದರೂ ಅದರಡಿಯಲ್ಲಿ ಹರ್ಲಾ ಎಂಬಾತನಿಗೆ 50 ರೂಪಾಯಿ ದಂಡ ಬಿತ್ತು. 1951ರಲ್ಲಿ ಸುಪ್ರೀಂ ಕೋರ್ಟು ಈ ಶಿಕ್ಷೆಯನ್ನು ರದ್ದು ಮಾಡಿತು. ತಿಳಿಯುವ ದಾರಿಯನ್ನೇ ಕೊಡದ ಕಾನೂನಿನಿಂದ ಜನರನ್ನು ಶಿಕ್ಷಿಸುವುದು ಸಹಜ ನ್ಯಾಯಕ್ಕೆ ವಿರುದ್ಧ ಎಂಬುದು ತೀರ್ಪಿನ ಸಾರ.

'ಕಾನೂನು ಗೊತ್ತಿರಲಿಲ್ಲ' ಎಂದರೆ ನ್ಯಾಯಾಲಯ ಒಪ್ಪುವುದಿಲ್ಲ. ಹಾಗಾದರೆ ತಿಳಿಸುವ ಹೊಣೆ ಸರ್ಕಾರದ್ದೇ. 1955ರ ಅಗತ್ಯ ವಸ್ತುಗಳ ಕಾಯಿದೆಯಡಿ ಹೊರಡುವ ಸಾರ್ವತ್ರಿಕ ಆಜ್ಞೆಗಳನ್ನು ರಾಜ್ಯಪತ್ರದಲ್ಲಿ ಪ್ರಕಟಿಸಬೇಕು. ನಾವು ಕೊಳ್ಳುವ ರಸಗೊಬ್ಬರದ ನಿಯಂತ್ರಣ ಆಜ್ಞೆಯೂ ಇದೇ ಕಾಯಿದೆಯಡಿ ಬಂದುದು.

ಆದರೆ ರಾಜ್ಯಪತ್ರದಲ್ಲಿ ಬಂದ ಮಾತ್ರಕ್ಕೆ ಸಾಕೇ? 2015ರ ಅಕ್ಟೋಬರಿನಿಂದ ಕೇಂದ್ರದ ರಾಜ್ಯಪತ್ರ ಕಾಗದದಲ್ಲಿ ಅಚ್ಚಾಗುತ್ತಿಲ್ಲ. ಅಂತರ್ಜಾಲದಲ್ಲಿ, ಹಿಂದಿ ಮತ್ತು ಇಂಗ್ಲಿಷಿನಲ್ಲಿ ಬರುತ್ತದೆ. 2020ರ ಮೇ ತಿಂಗಳಲ್ಲಿ 27 ಪೀಡೆನಾಶಕಗಳನ್ನು ನಿಷೇಧಿಸುವ ಕರಡು ಆಜ್ಞೆ ಹೊರಟಿತು. ಆಕ್ಷೇಪಣೆಗೆ ಮೊದಲು 45 ದಿನ, ಬಳಿಕ 90 ದಿನ ಕೊಟ್ಟರು. ಕರಡನ್ನು ಮುಂಚಿತವಾಗಿ ಪ್ರಕಟಿಸಿದ್ದು ಒಳ್ಳೆಯ ಪದ್ಧತಿಯೇ. ಆದರೆ ಬೆನ್ನ ಮೇಲೆ ಸಿಂಪರಣಾ ಯಂತ್ರ ಹೊರುವ ಎಷ್ಟು ಮಂದಿ ಅದನ್ನು ಓದಿ ಅಭಿಪ್ರಾಯ ಬರೆದರು?

ಮುಂಚಿತವಾಗಿ ಸಾರಿದರೆ ಕಾಳಸಂತೆಯವರು ಎಚ್ಚರಗೊಳ್ಳುತ್ತಾರೆಂಬ ವಾದವಿದೆ. ದಾಸ್ತಾನು ಮಿತಿಯಂಥ ತುರ್ತು ಆಜ್ಞೆಗಳ ಮಟ್ಟಿಗೆ ಅದನ್ನು ಒಪ್ಪೋಣ. ಬೀಜ, ಗೊಬ್ಬರ, ಔಷಧಿಗಳ ಸಾಮಾನ್ಯ ನಿಯಮಗಳಿಗೆ ಅಂಥ ಅವಸರವಿಲ್ಲ.

ನನ್ನ ಸಲಹೆ ಇಷ್ಟೇ: ಬೇಸಾಯಕ್ಕೆ ಸಂಬಂಧಿಸಿದ ಪ್ರತಿ ಹೊಸ ನಿಯಮದ ಸಾರಾಂಶವನ್ನು ಸರಳ ಕನ್ನಡದಲ್ಲಿ, ಜಾರಿಗೆ ಬರುವ ತಾರೀಖಿನ ಸಮೇತ, ಗ್ರಾಮ ಪಂಚಾಯಿತಿಯ ಮತ್ತು ರೈತ ಸಂಪರ್ಕ ಕೇಂದ್ರದ ಫಲಕಗಳಲ್ಲಿ ಹಂಗಾಮಿಗೆ ಮುಂಚೆ ಹಾಕಬೇಕು. ಗ್ರಾಮಸಭೆಯಲ್ಲಿ ಅದನ್ನು ಓದಿ ಹೇಳಬೇಕು.

ರೈತರೂ ಸುಮ್ಮನಿರಬಾರದು. ಹೊಸ ನಿಯಮ ಬಂದಿದೆಯೆಂದು ಯಾರಾದರೂ ಹೇಳಿದರೆ, 'ಯಾವ ಆಜ್ಞೆ? ಯಾವ ತಾರೀಖಿನ ರಾಜ್ಯಪತ್ರ?' ಎಂದು ವಿನಯದಿಂದಲೇ ಕೇಳಿರಿ. ಹಾಗೆ ಕೇಳುವುದು ನಿಮ್ಮ ಹಕ್ಕು.