ವಂಶದೋಷವು ವಿಧಿಲಿಖಿತವಲ್ಲ

ಒಂದೇ ಮನೆತನದಲ್ಲಿ ಅಜ್ಜಿ, ತಾಯಿ, ಮಗಳು ಒಬ್ಬರಾದ ಮೇಲೊಬ್ಬರು ಸ್ತನದ ಕ್ಯಾನ್ಸರಿಗೆ ತುತ್ತಾದರೆ, ಅದು ಹಣೆಯ ಬರಹವೆಂದು ಜನರು ನಿಟ್ಟುಸಿರಿಟ್ಟು ಸುಮ್ಮನಾಗುತ್ತಾರೆ. ಈ ಮನೋಭಾವವು ರೋಗದಷ್ಟೇ ಘಾತುಕವಾದುದೆಂದು ನಾವು ಭಾವಿಸುತ್ತೇವೆ.

1990ರಲ್ಲಿ ಅಮೆರಿಕದ ವಿದುಷಿ ಮೇರಿ-ಕ್ಲೇರ್ ಕಿಂಗ್ ಅವರು ಅನೇಕ ಕುಟುಂಬಗಳ ವೃತ್ತಾಂತವನ್ನು ಪರಿಶೀಲಿಸಿ, ಈ ರೋಗಕ್ಕೆ ಸಂಬಂಧಿಸಿದ ಜೀನೊಂದು 17ನೆಯ ಕ್ರೋಮೊಸೋಮಿನಲ್ಲಿರುವುದೆಂದು ತೋರಿಸಿಕೊಟ್ಟರು. 1994ರಲ್ಲಿ ಆ ಜೀನು ಪತ್ತೆಯಾಯಿತು, ಅದೇ ಬಿ.ಆರ್.ಸಿ.ಎ.-1. ಜೀವಕೋಶದ ಡಿ.ಎನ್.ಎ. ತುಂಡಾದಾಗ ಅದನ್ನು ಸರಿಪಡಿಸಲು ನೆರವಾಗುವುದು ಇದರ ಕೆಲಸ. ಪ್ರತಿಯೊಬ್ಬರಲ್ಲಿಯೂ ಇದರ ಎರಡು ಪ್ರತಿಗಳಿರುತ್ತವೆ: ಒಂದು ತಂದೆಯಿಂದ ಬಂದುದು, ಇನ್ನೊಂದು ತಾಯಿಯಿಂದ. ಒಂದು ಕೆಟ್ಟೇ ಬಂದರೂ ಮತ್ತೊಂದು ಕೆಲಸವನ್ನು ನಡೆಸಿಕೊಂಡು ಹೋಗುತ್ತದೆ. ಮುಂದೆ ಯಾವುದೋ ಒಂದು ಕೋಶದಲ್ಲಿ ಅದೂ ಕೆಟ್ಟಾಗ, ದೋಷಗಳು ಒಂದರ ಮೇಲೊಂದು ಕೂಡಿ ರೋಗವು ತಲೆಯೆತ್ತುತ್ತದೆ. ಆದುದರಿಂದ ವಂಶದಿಂದ ಬರುವುದು ರೋಗವಲ್ಲ, ರೋಗಕ್ಕೆ ಎಡೆಗೊಡುವ ದೌರ್ಬಲ್ಯ ಮಾತ್ರ.

ಆ ದೌರ್ಬಲ್ಯವು ಅಲ್ಪವೆಂದು ನಾವು ಹೇಳುವುದಿಲ್ಲ. ಕ್ಯಾನ್ಸರುಗಳಲ್ಲಿ ನೂರಕ್ಕೆ 5ರಿಂದ 10ರಷ್ಟು ಮಾತ್ರವೇ ಇಂತಹ ವಂಶದೋಷದಿಂದ ಹುಟ್ಟುವುವಾದರೂ, ಈ ಜೀನು ಕೆಟ್ಟಿರುವ ಸ್ತ್ರೀಯರಲ್ಲಿ ನೂರಕ್ಕೆ 60ಕ್ಕಿಂತ ಹೆಚ್ಚು ಮಂದಿ ತಮ್ಮ ಜೀವಮಾನದಲ್ಲಿ ಸ್ತನದ ಕ್ಯಾನ್ಸರಿಗೆ ಗುರಿಯಾಗುತ್ತಾರೆ. ಆದರೆ ದೋಷವು ಮೊದಲೇ ತಿಳಿದರೆ ಸಕಾಲಿಕ ತಪಾಸಣೆಯಿಂದಲೂ, ಅಗತ್ಯಬಿದ್ದಲ್ಲಿ ಶಸ್ತ್ರಚಿಕಿತ್ಸೆಯಿಂದಲೂ ಪ್ರಾಣವನ್ನು ಉಳಿಸಿಕೊಳ್ಳಬಹುದು.

ಈ ತಿಳಿವಳಿಕೆಗೂ ಅಡ್ಡಗೋಡೆಗಳು ಎದ್ದಿದ್ದವು. ಅಮೆರಿಕದ ಕಂಪೆನಿಯೊಂದು ಈ ಜೀನುಗಳಿಗೆ ಪೇಟೆಂಟು ಪಡೆದು, ಅವುಗಳ ಪರೀಕ್ಷೆಯ ಹಕ್ಕು ತನ್ನೊಬ್ಬಳದೇ ಎಂದು ಸಾಧಿಸಿತು. ಪರೀಕ್ಷೆಯ ಬೆಲೆ 3,000 ಡಾಲರುಗಳನ್ನು ಮೀರಿತು. 2013ರ ಜೂನ್ 13ರಂದು ಅಲ್ಲಿಯ ಸುಪ್ರೀಂ ಕೋರ್ಟು, ನಿಸರ್ಗದತ್ತವಾದ ಡಿ.ಎನ್.ಎ.ಯನ್ನು ಬೇರ್ಪಡಿಸಿದ ಮಾತ್ರಕ್ಕೆ ಅದು ಯಾರ ಸ್ವತ್ತೂ ಆಗದೆಂದು ಒಕ್ಕೊರಲಿನಿಂದ ತೀರ್ಪಿತ್ತಿತು. ತಂದೆತಾಯಿಗಳಿಂದ ಬಂದುದನ್ನು ಮೂರನೆಯವನು ತನ್ನ ಆಸ್ತಿಯೆನ್ನುವುದು ಯಾವ ನ್ಯಾಯ?

ನಮ್ಮಲ್ಲಿಯ ಅಡ್ಡಗೋಡೆ ಬೇರೆ ಬಗೆಯದು. ಹೆಣ್ಣುಮಕ್ಕಳ ವಿವಾಹಕ್ಕೆ ತೊಡಕಾದೀತೆಂದು ಮನೆಯವರು ರೋಗದ ಮಾತನ್ನೇ ಮುಚ್ಚಿಡುತ್ತಾರೆ. ಬಯಲಾದರೆ ಸೊಸೆಯ ತವರನ್ನು ಹಳಿಯುತ್ತಾರೆ. ಆರೋಗ್ಯವಂತನಾದ ತಂದೆಯಿಂದಲೂ ಈ ದೋಷವು ಮಕ್ಕಳಿಗೆ ತಾಯಿಯಿಂದ ಬರುವಷ್ಟೇ ಬರಬಲ್ಲುದೆಂಬುದನ್ನು ಅಂಥವರು ಅರಿಯರು. ಇಂದು ಅಜ್ಜಿಯ ರೋಗವನ್ನು ಬಚ್ಚಿಟ್ಟ ಮನೆ, ನಾಳೆ ಮೊಮ್ಮಗಳ ಪ್ರಾಣವನ್ನೇ ಪಣಕ್ಕೊಡ್ಡಿದಂತಾಗುವುದು.

ಪರೀಕ್ಷೆಯೂ ತಜ್ಞರ ಸಲಹೆಯೂ ಬಡವರಿಗೆ ಎಟುಕುವಂತೆ ಮಾಡುವುದು ಸರ್ಕಾರದ ಹೊಣೆ. ಮನೆತನದ ರೋಗವೃತ್ತಾಂತವನ್ನು ನಾಚಿಕೆಯಿಲ್ಲದೆ ವೈದ್ಯರಿಗೆ ತಿಳಿಸುವುದು ಗೃಹಸ್ಥರ ಹೊಣೆ. ಎರಡರಲ್ಲಿ ಒಂದು ತಪ್ಪಿದರೂ ವಿಧಿಯನ್ನು ದೂರಲು ನಮಗೆ ಅಧಿಕಾರವಿರದು.